ಪಹಣಿಗೆ ಇರುವ ಲೆಕ್ಕ ವಿಹಾರ ನೌಕೆಗೆ ಏಕಿಲ್ಲ?

‘ಕಳೆದ ಸಂಚಿಕೆಯಲ್ಲಿ ಐಷಾರಾಮಿ ವಿಹಾರ ನೌಕೆಗಳ ಹೊಗೆಯ ಬಗ್ಗೆ ಎರಡು ಪುಟ ಬರೆದಿದ್ದೀರಿ. ಸಮುದ್ರವನ್ನೇ ಕಾಣದ ಕಲಬುರಗಿಯವರಿಗೆ ಅದು ಏಕೆ ಬೇಕಿತ್ತು? ತಯಾರಕರೇ ಮುಂದೆ ಬಂದು ಇಂಗಾಲ ತಗ್ಗಿಸುವ ಮಾತು ಕೊಡುತ್ತಿರುವಾಗ ಬೆನ್ನು ತಟ್ಟುವುದು ಬಿಟ್ಟು ಕೊಂಕು ತೆಗೆಯುವುದು ಸರಿಯೆ?’
– ನಿವೃತ್ತ ಶಿಕ್ಷಕರು, ಜೇವರ್ಗಿ ತಾಲ್ಲೂಕು

ಗುರುಗಳೆ, ನಿಮ್ಮ ದುಂಡು ಅಕ್ಷರ ಕಂಡ ಕೂಡಲೇ ಪತ್ರ ಯಾರದೆಂದು ತಿಳಿಯಿತು. ಹುಡುಗರಿಗೆ ಲೆಕ್ಕ ಕಲಿಸಿದವರು ನೀವು. ಅದಕ್ಕೇ ನಿಮ್ಮೆದುರು ಲೆಕ್ಕವನ್ನೇ ಇಡುತ್ತೇನೆ.

ಮೆಚ್ಚಬೇಕಾದ್ದನ್ನು ಮೊದಲು ಮೆಚ್ಚಿಬಿಡುತ್ತೇನೆ. ನೆದರ್ಲೆಂಡ್ಸ್‌ನ ವಿಹಾರ ನೌಕೆ ತಯಾರಕ ಫೀಡ್‌ಶಿಪ್ 2024ರಲ್ಲಿ ‘ಬ್ರೇಕ್‌ಥ್ರೂ’ ಎಂಬ ನೌಕೆಯನ್ನು ನೀರಿಗಿಳಿಸಿತು. ಉದ್ದ ಸುಮಾರು 119 ಮೀಟರ್. ವಾಡಿ ಜಂಕ್ಷನ್‌ನಲ್ಲಿ ನಿಂತ ರೈಲಿನ ಐದು ಬೋಗಿಗಳಷ್ಟು. ಅದರ ಒಡಲಲ್ಲಿ ದ್ರವ ಜಲಜನಕದಿಂದ ವಿದ್ಯುತ್ ಉತ್ಪಾದಿಸುವ ಇಂಧನ ಕೋಶಗಳಿವೆ. ಲಂಗರು ಹಾಕಿ ನಿಂತಾಗ ದೀಪ, ಎ.ಸಿ. ಎಲ್ಲವೂ ಹೊಗೆಯಿಲ್ಲದೆ ನಡೆಯುತ್ತವೆ. ಎಂಜಿನಿಯರುಗಳ ಶ್ರಮ ದೊಡ್ಡದು, ಅಲ್ಲಗಳೆಯುವುದಿಲ್ಲ.

ಆದರೆ ಅಂಥ ನೌಕೆ ಇನ್ನೂ ಅಪರೂಪ. ಉಳಿದವು ಓಡುವಾಗ ಗಂಟೆಗೆ ನೂರಾರು ಲೀಟರ್ ಡೀಸೆಲ್ ಕುಡಿಯುತ್ತವೆ. ನಿಂತಾಗಲೂ ಜನರೇಟರ್ ಆರುವುದಿಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಗುಣಿಸುವ ಕೆಲಸ ನಿಮಗೇ ಬಿಟ್ಟೆ. ತಯಾರಕರು ‘ಇಂಗಾಲ ಮುಕ್ತರಾಗುತ್ತೇವೆ’ ಎಂದಾಗ ನಾವು ಕೇಳಬೇಕಾದದ್ದು ಒಂದೇ: ಕಾರ್ಖಾನೆಯ ವಿದ್ಯುತ್ತಿನ ಲೆಕ್ಕವೋ, ಮಾರಿದ ನೌಕೆ ಮುಂದಿನ ಮೂವತ್ತು ವರ್ಷ ಉರಿಸುವ ಡೀಸೆಲ್ಲಿನ ಲೆಕ್ಕವೋ? ಮೊದಲನೆಯದು ಸಾಸಿವೆ, ಎರಡನೆಯದು ಕುಂಬಳಕಾಯಿ.

ಸರ್ಕಾರಗಳಾದರೂ ಕೇಳಬಾರದೆ? ಅಂತರರಾಷ್ಟ್ರೀಯ ಕಡಲ ಸಂಸ್ಥೆಗೆ ಹಡಗುಗಳು ಇಂಧನದ ಲೆಕ್ಕ ಒಪ್ಪಿಸುವ ಪದ್ಧತಿ 2019ರಿಂದ ಇದೆ, ಆದರೆ ಅದು 5,000 ಗ್ರಾಸ್ ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕೂ ಮೇಲಿನವಕ್ಕೆ. 2024ರಿಂದ ಐರೋಪ್ಯ ಒಕ್ಕೂಟ ಹಡಗುಗಳ ಹೊಗೆಗೆ ಬೆಲೆ ಕಟ್ಟುತ್ತಿದೆ. ಅಲ್ಲಿಯೂ ಅದೇ ಗೆರೆ, ಅದೂ ಸರಕು ಅಥವಾ ಪ್ರಯಾಣಿಕರನ್ನು ಹೊತ್ತು ವ್ಯಾಪಾರ ಮಾಡುವ ಹಡಗುಗಳಿಗೆ. ನೂರು ಮೀಟರಿನ ವಿಹಾರ ನೌಕೆ ಕೂಡ ಸಾಮಾನ್ಯವಾಗಿ ಆ ಗೆರೆಯ ಕೆಳಗೇ ನುಸುಳಿಕೊಳ್ಳುತ್ತದೆ. ಅಕ್ಕಿ ಹೊತ್ತ ಹಡಗು ಲೆಕ್ಕ ಕೊಡಬೇಕು, ಒಬ್ಬ ಧನಿಕನ ಮೋಜನ್ನು ಹೊತ್ತದ್ದು ಕೊಡಬೇಕಿಲ್ಲ!

ಕಲಬುರಗಿಗೆ ಇದೇಕೆ ಎಂದಿರಿ. ಈ ಮಾತು ನಿಮ್ಮಿಂದ ಬರಬಾರದಿತ್ತು, ಗುರುಗಳೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಇಳಿದ ಮೇಲೆ ನಿಮ್ಮ ತಾಲ್ಲೂಕಿನ ಹೊಳೆದಂಡೆಯ ಊರೊಂದಕ್ಕೆ ಹೋಗಿದ್ದೆ. ಹೂ ಬಿಡಬೇಕಿದ್ದ ತೊಗರಿ ಬುಡದಿಂದ ಕಪ್ಪಾಗಿ ನಿಂತಿತ್ತು. ಒಂದು ಮನೆಯ ಮುಂದೆ ಹೊರಸಿನ ಮೇಲೆ ಒಬ್ಬ ತಾಯಿ ಪಹಣಿ, ಆಧಾರ್, ಬ್ಯಾಂಕಿನ ಪಾಸ್‌ಬುಕ್ ಒಣಹಾಕಿದ್ದರು. ಹಾರಿಹೋಗದಿರಲೆಂದು ಒಂದೊಂದರ ಮೇಲೂ ಶಹಾಬಾದ್ ಕಲ್ಲಿನ ಚೂರು. ಪರಿಹಾರ ಬೇಕಾದರೆ ಎಷ್ಟು ಎಕರೆ, ಎಷ್ಟು ಗುಂಟೆ ಎಂದು ಬರೆದು ತರಬೇಕೆಂದಿದ್ದರಂತೆ. ಪಹಣಿಯ ಶಾಯಿ ಹರಡಿ ಸರ್ವೆ ನಂಬರ್ ಓದಲು ಬರುತ್ತಿರಲಿಲ್ಲ. ಅದನ್ನು ಬೆಳಕಿಗೆ ಹಿಡಿದು ಓದಿಕೊಡಲು ನನ್ನನ್ನು ಕೇಳಿದರು. ನನಗೂ ಆಗಲಿಲ್ಲ.

ಆ ನೆರೆಯನ್ನು ವಿಹಾರ ನೌಕೆಗಳೇ ತಂದವು ಎಂದು ನಾನು ಹೇಳುತ್ತಿಲ್ಲ. ಮಹಾರಾಷ್ಟ್ರದಲ್ಲಿ ಸುರಿದ ಮಳೆ, ಮೇಲಿನ ಜಲಾಶಯಗಳಿಂದ ಬಿಟ್ಟ ನೀರು, ಎಲ್ಲವೂ ಸೇರಿತ್ತು. ಆದರೆ ಬಿಸಿಯಾಗುತ್ತಿರುವ ಆಕಾಶ ಎಲ್ಲರಿಗೂ ಒಂದೇ. ಅದರ ಕೆಳಗೆ ಮುಳುಗಿದವರು ಗುಂಟೆ ಗುಂಟೆಗೂ ಲೆಕ್ಕ ಒಪ್ಪಿಸಬೇಕು, ಉರಿಸಿದವರು ಒಂದು ಹೇಳಿಕೆ ಕೊಟ್ಟರೆ ಸಾಕು ಎಂಬುದು ನನ್ನ ಹೊಟ್ಟೆಗೆ ಬೆಂಕಿ ಇಡುತ್ತದೆ.

ಸಾಸಿವೆ ತೋರಿಸಿ ಕುಂಬಳಕಾಯಿ ಮುಚ್ಚಿಡುವ ಈ ಚಾಳಿ ಕಡಲಿಗಷ್ಟೇ ಸೀಮಿತವಲ್ಲ. ನಮ್ಮ ಸೇಡಂ, ಚಿತ್ತಾಪುರದ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟ್ ತಯಾರಿಕೆ ಉಗುಳುವ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸುಣ್ಣದ ಕಲ್ಲು ಬೇಯುವಾಗ ಅದರೊಳಗಿಂದಲೇ ಹೊರಬರುತ್ತದೆ. ಇಡೀ ಚಾವಣಿಗೆ ಸೌರಫಲಕ ಹೊದಿಸಿದರೂ ಆ ಪಾಲು ಕದಲುವುದಿಲ್ಲ. ಇದನ್ನು ನಮ್ಮ ಪಠ್ಯಪುಸ್ತಕಗಳು ಏಕೆ ಹೇಳುವುದಿಲ್ಲ? ಧೂಳು ಕುಡಿಯುವ ಮಕ್ಕಳಿಗೆ ‘ಗಿಡ ನೆಡಿ’ ಎಂದಷ್ಟೇ ಏಕೆ ಕಲಿಸುತ್ತೇವೆ?

ನೌಕೆ ತಯಾರಕರು ತಾವು ಮಾರಿದ ಪ್ರತಿಯೊಂದು ನೌಕೆಯ ವರ್ಷದ ಡೀಸೆಲ್ ಲೆಕ್ಕವನ್ನು ಪ್ರಕಟಿಸಲಿ. ಆ ತಿಂಗಳು ನಿಮ್ಮ ಪತ್ರವನ್ನು ಮುಖಪುಟದಲ್ಲಿ ಹಾಕುತ್ತೇನೆ.