ಶಾಲೆಯ ಕೆಲಸದ ನಡುವೆ ಟೊಮ್ಯಾಟೊ ಸಸಿಗಳು ದಾರದಂತೆ ಉದ್ದವಾಗುತ್ತಿದ್ದರೆ

ಶಾಲೆಯಲ್ಲಿ ಪಾಠ ಮಾಡುವ ನೀವು, ಒಲೆಯ ಪಕ್ಕದ ತಟ್ಟೆಯಲ್ಲಿ ಬಿತ್ತಿದ ಟೊಮ್ಯಾಟೊ ಸಸಿಗಳು ಉದ್ದವಾಗಿ ಒರಗುತ್ತಿವೆ, ನೀರು ತಪ್ಪಿದ್ದೇ ಕಾರಣವಿರಬೇಕು ಎಂದು ಬರೆದಿದ್ದೀರಿ. ನಿಮ್ಮ ಸಸಿಗಳು ತೆಳ್ಳಗೆ ಉದ್ದವಾಗಿ ಒರಗುತ್ತಿರುವುದಕ್ಕೆ ಬಹುಮಟ್ಟಿಗೆ ಬೆಳಕಿನ ಕೊರತೆಯೇ ಕಾರಣವೇ ಹೊರತು, ನೀವು ನೊಂದುಕೊಂಡು ಬರೆದಂತೆ ಶಾಲೆಯ ಕೆಲಸದಲ್ಲಿ ಒಮ್ಮೊಮ್ಮೆ ನೀರು ಹಾಕುವುದು ತಪ್ಪಿದ್ದಲ್ಲ. ಚಳಿಗಾಲದ ಕೊನೆಯಲ್ಲಿ ಹಗಲು ಇನ್ನೂ ಚಿಕ್ಕದು. ತಟ್ಟೆಯನ್ನು ಒಲೆಯ ಪಕ್ಕ ಇಟ್ಟಿರುವುದರಿಂದ ಆ ಬಿಸಿಗೆ ಸಸಿಗಳು ಬೆಳಕು ಸಾಲದಿದ್ದರೂ ಬೆಳೆಯುತ್ತಲೇ ಹೋಗುತ್ತವೆ.

ಇಂದು ಸಂಜೆಯೇ ತಟ್ಟೆಯನ್ನು 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಗೆ ಸಾಗಿಸಿ, ಎಲೆಗಳಿಂದ 5ರಿಂದ 10 ಸೆಂಟಿಮೀಟರ್ ಮೇಲೆ ಬಿಳಿ ಬೆಳಕಿನ ಎಲ್‌ಇಡಿ ಟ್ಯೂಬ್‌ಲೈಟ್ ತೂಗುಹಾಕಿ, ಟೈಮರ್ ಜೋಡಿಸಿ ದಿನಕ್ಕೆ 14ರಿಂದ 16 ಗಂಟೆ ಉರಿಯುವಂತೆ ಮಾಡಿದರೆ, ನೀವು ನಸುಕಿನಲ್ಲಿ ಹೊರಟು ಕತ್ತಲಾದ ಮೇಲೆ ಮರಳಿದರೂ ಬೆಳಕು ತಪ್ಪುವುದಿಲ್ಲ. ಮಕ್ಕಳ ನೋಟ್‌ಬುಕ್ ತಿದ್ದುವ ಮೇಜಿನ ದೀಪ ಇದಕ್ಕೆ ಸಾಲದು. ನಾನೂ ಅದನ್ನೇ ಬಳಸಿ ನೋಡಿದಾಗ ಸಸಿಗಳೆಲ್ಲ ಅದರತ್ತ ಕತ್ತು ಚಾಚಿ ಇನ್ನಷ್ಟು ಬಾಗಿದವು. ನೀರನ್ನು ಮೇಲಿನಿಂದ ಸುರಿಯದೆ, ಸಸಿಗಳ ತಟ್ಟೆಯ ಅಡಿಯಲ್ಲಿ ಇಟ್ಟ ಇನ್ನೊಂದು ತಟ್ಟೆಗೆ ಹಾಕಿ, ಅರ್ಧ ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿಬಿಡಿ.

ಬೀಜದೆಲೆಗಳ (ಮೊಳಕೆಯಲ್ಲಿ ಮೊದಲು ಮೂಡುವ ಜೋಡಿ ಎಲೆಗಳ) ಮೇಲೆ ಅಂಚು ಸೀಳಿದಂತಿರುವ ನಿಜವಾದ ಎಲೆಗಳು ಮೂಡಿದ ಮೇಲೆ, ರಜೆಯ ದಿನ ನೋಡಿಕೊಂಡು, ಒಂದೊಂದು ಸಸಿಯನ್ನೂ ಬೇರೆ ಕುಂಡದಲ್ಲಿ ಬೀಜದೆಲೆಯ ಬುಡದವರೆಗೆ ಹೂತು ನೆಡಿ. ಹೂತ ಕಾಂಡದಿಂದಲೂ ಟೊಮ್ಯಾಟೊ ಬೇರು ಬಿಡುತ್ತದೆ. ಎತ್ತುವಾಗ ಕಾಂಡವನ್ನಲ್ಲ, ಎಲೆಯನ್ನು ಹಿಡಿಯಿರಿ.

ಒಂದು ಮಾತ್ರ ನಿಮ್ಮ ವಿವರಣೆಯಿಂದ ಖಚಿತವಾಗುವುದಿಲ್ಲ: ಮಣ್ಣಿಗೆ ತಾಗುವಲ್ಲಿ ಕಾಂಡ ಕಪ್ಪಾಗಿ ಸೊರಗಿದ್ದರೆ ಅದು ಬುಡ ಕೊಳೆಯುವ ಶಿಲೀಂಧ್ರ ರೋಗ, ಅಂಥ ಸಸಿಗಳನ್ನು ಮಣ್ಣಿನ ಸಮೇತ ತೆಗೆದುಹಾಕಿ. ಈ ಚಳಿಗಾಲದ ಕೊನೆಯ ಹಿಮ (ಇಬ್ಬನಿ ಹೆಪ್ಪುಗಟ್ಟುವ ಚಳಿ) ಬೀಳುವುದಕ್ಕೆ ಇನ್ನೂ 6 ವಾರ ಉಳಿದಿದ್ದರೆ ಹೊಸದಾಗಿ ಬಿತ್ತಲು ಸಮಯವಿದೆ.