ಹೆಂಗಸು ಹೇಳಿದರೆ ಗೋಳು, ಗಂಡಸು ಹೇಳಿದರೆ ಕಷ್ಟ: ಯಾಕೆ ಹೀಗೆ?

ಒಂದೇ ಕಷ್ಟವನ್ನು ಗಂಡಸು ಹೇಳಿದರೆ ನಂಬುತ್ತಾರೆ, ಹೆಂಗಸು ಹೇಳಿದರೆ ಯಾಕೆ ಗೋಳು ಅಂತಾರೆ ಎಂದು ಕೇಳಿದ್ದೀರಿ. ಹೆಂಗಸು ಸಹಿಸಿಕೊಳ್ಳಬೇಕು ಅನ್ನೋದು ನಮ್ಮ ತಲೆಯಲ್ಲಿ ಮೊದಲೇ ಕೂತಿರುತ್ತದೆ, ಅದಕ್ಕೆ.

ನಮ್ಮ ಕೊಡಗಿನ ಕಾಫಿ ಕೊಯ್ಲನ್ನೇ ನೋಡಿ. ಗಂಡ ಹೆಂಡತಿ ಇಬ್ಬರೂ ಇಳಿಜಾರಲ್ಲಿ ಹಣ್ಣು ಕೊಯ್ದು, ಚೀಲ ಹೊತ್ತು ತೂಕಕ್ಕೆ ತರುತ್ತಾರೆ. ಅವನು ಸೊಂಟ ಹಿಡಿದುಕೊಂಡರೆ ‘ನಾಳೆ ರಜೆ ಮಾಡು ಮಾರಾಯ’. ಅವಳು ಹೇಳಿದರೆ ‘ಇವಳದ್ದು ದಿನಾ ಇದ್ದದ್ದೇ’. ಲೈನ್ ಮನೆಗೆ (ತೋಟದ ಕೆಲಸದವರ ಸಾಲು ಮನೆಗೆ) ಹೋದ ಮೇಲೆ ಒಲೆ ಹಚ್ಚುವವಳೂ ಅವಳೇ. ಅದನ್ನು ಯಾರೂ ತೂಕಕ್ಕೆ ಹಾಕುವುದಿಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿಯಿತಲ್ಲ, ಅಂಥ ಹೊತ್ತಲ್ಲೂ ಇದೇ ಕಥೆ. ತೋಟ ಹೋದರೆ ತೋರಿಸೋಕೆ ಪಹಣಿ ಇದೆ, ಅದು ಹೆಚ್ಚಾಗಿ ಗಂಡಸರ ಹೆಸರಲ್ಲೇ. ಪರಿಹಾರ ಕೇಂದ್ರದಲ್ಲಿ ಮುಟ್ಟಿನ ಬಟ್ಟೆ ಬದಲಾಯಿಸೋಕೆ ಮರೆ ಇಲ್ಲ ಅನ್ನುವುದನ್ನು ಯಾವ ಅರ್ಜಿಯಲ್ಲಿ ಬರೆಯುವುದು?

ವೈದ್ಯರೂ ಹೊರತಲ್ಲ. ಹೆಂಗಸರ ನೋವನ್ನು ಅವರು ಗಂಡಸರದ್ದಕ್ಕಿಂತ ಹಗುರವಾಗಿ ತೆಗೆದುಕೊಳ್ಳುತ್ತಾರೆ ಎಂದು ಅಮೆರಿಕದ ಸಂಶೋಧಕಿಯರಾದ ಹಾಫ್‌ಮನ್ ಮತ್ತು ಟಾರ್ಜಿಯನ್ 2001ರಲ್ಲೇ ಬರೆದಿದ್ದರು.

ಹಾಗಂತ ಗಂಡಸರಿಗೆ ಪೂರ್ತಿ ಲಾಭ ಅಂತಲೂ ಅಲ್ಲ. ಸಾಲ, ಬೆಳೆ ನಷ್ಟ ಅಂದರೆ ಕೇಳುತ್ತಾರೆ. ಮಳೆ ಸದ್ದಿಗೆ ಭಯ ಆಗುತ್ತದೆ ಅಂದರೆ ನಗುತ್ತಾರೆ, ಅಲ್ವಾ?