ಬಾಲ್ಯದ ಟೀಚರ್ ಥರ ಆಗಬೇಕು ಅನ್ನೋ ಆಸೆ, ಅಷ್ಟೇ ಸಾಕಾ?

ಪಿಯುಸಿ ಮುಗಿದಿದೆ, ಐದನೇ ಕ್ಲಾಸಿನ ಗಣಿತದ ಮೇಡಂ ಥರ ಟೀಚರ್ ಆಗಬೇಕು, ಈ ಕಾರಣ ಸಾಕಾ ಅಂತ ಕೇಳಿದ್ದೀರಿ. ಹೊರಡೋಕೆ ಧಾರಾಳ ಸಾಕು. ಆದರೆ ನೀವು ಅವರನ್ನು ನೋಡಿದ್ದು ಬೆಂಚಿನ ಕಡೆಯಿಂದ ಮಾತ್ರ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಇದನ್ನು ಹೇಳಿದ್ದರು: ಶಾಲೆ ಮುಗಿಸುವಷ್ಟರಲ್ಲಿ ಅಲ್ಲಿನ ವಿದ್ಯಾರ್ಥಿ ಸುಮಾರು 13,000 ಗಂಟೆ ಶಿಕ್ಷಕರ ಎದುರು ಕಳೆದಿರುತ್ತಾನೆ. ಹಾಗಾಗಿ ಈ ಕೆಲಸ ತನಗೆ ಗೊತ್ತು ಅಂದುಕೊಳ್ಳುತ್ತಾನೆ. ಪಾಠದ ಹಿಂದಿನ ಯೋಚನೆ ಅವನಿಗೆ ಕಂಡೇ ಇರುವುದಿಲ್ಲ.

ಭಿನ್ನರಾಶಿಯನ್ನೇ ತಗೊಳ್ಳಿ. 1/2 + 1/3 = 2/5 ಅಂತ ಬರೆಯುವ ಮಕ್ಕಳು ಎಲ್ಲ ಕಡೆ ಸಿಗುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರುತ್ತಾರೆ. ತಪ್ಪು ಹಾಕಿ ನೋಟ್‌ಬುಕ್ ವಾಪಸ್ ಕೊಡುವುದು ಸುಲಭ. ಪಳಗಿದ ಟೀಚರ್ ಮೊದಲು "ಹೇಗೆ ಬಂತು, ಹೇಳು ಪುಟ್ಟಾ" ಅನ್ನುತ್ತಾರೆ. ಆಮೇಲೆ, "ಅರ್ಧ ರೊಟ್ಟಿ ತಿಂದು ಇನ್ನೊಂದು ಚೂರೂ ತಿಂದೆ. ಒಟ್ಟು ತಿಂದದ್ದು ಅರ್ಧಕ್ಕಿಂತ ಕಮ್ಮಿ ಆಗುತ್ತಾ?" 2/5 ಅರ್ಧಕ್ಕಿಂತ ಚಿಕ್ಕದು ಅಂತ ಮಗುವಿಗೇ ಹೊಳೆಯುತ್ತದೆ. ಆಗ 6 ಸಮ ಮನೆಯಾಗಿ ಮಡಚಿದ ಕಾಗದದ ಪಟ್ಟಿ ಹೊರಬರುತ್ತದೆ: ಅರ್ಧಕ್ಕೆ 3 ಮನೆ, ಮೂರನೇ ಒಂದಕ್ಕೆ 2, ಒಟ್ಟು 5/6. ಮೇಡಂ ಬೈಯಲಿಲ್ಲ ಅನ್ನೋದು ನಿಮ್ಮ ನೆನಪಲ್ಲಿ ಉಳಿದಿರಬಹುದು. ಈ ತಪ್ಪು ಬಂದೇ ಬರುತ್ತೆ ಅಂತ ಹಿಂದಿನ ರಾತ್ರಿಯೇ ಪಟ್ಟಿ ಮಡಚಿಟ್ಟಿದ್ದು ನಿಮಗೆ ಕಂಡಿಲ್ಲ.

ಅದಕ್ಕೇ, ಅವರಲ್ಲಿ ಇಷ್ಟವಾದ ಮೂರು ಸಂಗತಿ ಬರೆದಿಡಿ. "ತುಂಬಾ ಪ್ರೀತಿ ಇತ್ತು" ಅನ್ನೋದು ಬೇಡ. "ಹಿಂದಿನ ಬೆಂಚಿನವರ ಉತ್ತರಕ್ಕೂ ಕಾಯುತ್ತಿದ್ದರು" ಥರದ, ಕಣ್ಣಿಗೆ ಕಂಡದ್ದು ಇರಲಿ. ಅವರು ಸಿಗುವಂತಿದ್ದರೆ ಯಾಕೆ ಹಾಗೆ ಮಾಡುತ್ತಿದ್ದಿರಿ ಅಂತ ಕೇಳಿ. ಮುಖ್ಯ ಶಿಕ್ಷಕರ ಅನುಮತಿ ಪಡೆದು ಸರ್ಕಾರಿ ಶಾಲೆಯಲ್ಲಿ ಒಂದು ಇಡೀ ದಿನ ಕೂತರೆ ಪಾಠ ಯೋಜನೆ, ಬಿಸಿಯೂಟದ ಲೆಕ್ಕ, ಸ್ಯಾಟ್ಸ್ (ಮಕ್ಕಳ ವಿವರ ದಾಖಲಿಸುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಎಂಟ್ರಿ ಎಲ್ಲ ಕಾಣುತ್ತದೆ. ಅದನ್ನು ನೋಡಿದ ಮೇಲೂ ಆಸೆ ಉಳಿದರೆ ಅದು ಗಟ್ಟಿ ಆಸೆ.

ಇನ್ನೊಂದು ಎಚ್ಚರಿಕೆ. ಮೆಚ್ಚಿದ ಟೀಚರ್‌ರಿಂದ ಅವರ ಬೆತ್ತವೂ ನಮಗೆ ಬಳುವಳಿಯಾಗಿ ಬರುತ್ತದೆ. "ನಮಗೂ ಹೊಡೆದಿದ್ದರು, ಉದ್ಧಾರ ಆಗಲಿಲ್ವಾ" ಅನ್ನುವ ಹೊಸ ಶಿಕ್ಷಕರು ಕಮ್ಮಿಯೇನಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ದಾರಿ ಆರಿಸುವಾಗ ಹೆಚ್ಚಿನವರು ಎಡವುವುದು ಇಲ್ಲಿ: 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ 1ರಿಂದ 5ನೇ ತರಗತಿಯ ಶಿಕ್ಷಕರಾಗಲು ಬಿ.ಎಡ್. ಅರ್ಹತೆಯಲ್ಲ. ನಿಮಗೆ ಐದನೇ ಕ್ಲಾಸೇ ಬೇಕಿದ್ದರೆ ಎರಡು ವರ್ಷದ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಸೇರಿ, ನಂತರ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲ ಪತ್ರಿಕೆ ಬರೆಯಿರಿ. 150 ಪ್ರಶ್ನೆ, 150 ನಿಮಿಷ, ಸಾಮಾನ್ಯ ವರ್ಗಕ್ಕೆ 90 ಅಂಕ ಬೇಕು. ಅದರಲ್ಲಿ 30 ಅಂಕ ಶಿಶುವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ. ಆ 2/5 ಬರೆದ ಮಗುವಿಗೆ ಏನು ಹೇಳುತ್ತೀರಿ ಅನ್ನೋ ಥರದ ಪ್ರಶ್ನೆಗಳು ಆ ಪತ್ರಿಕೆಯಲ್ಲಿ ಬರಬಹುದು.